ಜೀಪಿನ ಎಂಜಿನ್ನು ಹಾರುತ್ತದೆಯೇ?

ಒಂದು ಸಂಜೆ ನಮ್ಮ ಹೊಳೆಮಣ್ಣೂರಿನ ಕಲಿಕಾ ಕೇಂದ್ರದಲ್ಲಿ 'ವಿ' ಅಕ್ಷರದ ಪಾಠ ನಡೆದಿತ್ತು. ಎಲ್ಲರೂ 'ವಿಮಾನ' ಎಂದು ಬರೆದರು. ಹೊಲಿಗೆ ಮಾಡುವ ಒಬ್ಬ ಅಕ್ಕ ಕೇಳಿದಳು: "ಟೀಚರ್, ವಿಮಾನದ ಎಂಜಿನ್ನು ಬ್ಯಾರೇನೇನ್ರಿ? ನಮ್ಮೂರ ಜೀಪಿನ ಎಂಜಿನ್ನು ಹಚ್ಚಿದ್ರ ಹಾರೂದಿಲ್ಲೇನು?"

ಎಲ್ಲರೂ ನಕ್ಕರು. ನಾವೂ ನಕ್ಕೆವು. ನಗಬಾರದಿತ್ತು. ಆಕೆ ಕೇಳಿದ್ದು ಸರಿಯಾದ ಪ್ರಶ್ನೆ.

ಕಾರಿನ ಎಂಜಿನ್ನು ಹಚ್ಚಿ ವಿಮಾನ ಹಾರಿಸಿದವರು ಇದ್ದಾರೆ. ಅಮೆರಿಕ ದೇಶದಲ್ಲಿ ಚೆರ್ರಿ ಗ್ರೋವ್ ಎಂಬ ಸಣ್ಣ ಊರು. ಅಲ್ಲಿ ಬರ್ನಾರ್ಡ್ ಪೀಟನ್‌ಪೋಲ್ ಎಂಬಾತ ಇದ್ದ. 1929ರ ಸುಮಾರಿಗೆ ಆತ ಫೋರ್ಡ್ ಕಾರಿನ ಎಂಜಿನ್ನು ತೆಗೆದು ತಾನೇ ಕಟ್ಟಿದ ವಿಮಾನಕ್ಕೆ ಹಚ್ಚಿದ. ಕಟ್ಟಿಗೆಯ ಚೌಕಟ್ಟು, ಮೇಲೆ ಬಟ್ಟೆ, ಇಬ್ಬರಿಗೆ ಜಾಗ. ಅದು ಹಾರಿತು. ಅದರ ನಕ್ಷೆ ಪುಸ್ತಕದಲ್ಲಿ ಅಚ್ಚಾಯಿತು. ಅದನ್ನು ಓದಿಕೊಂಡು ಜನ ಇವತ್ತಿಗೂ ಮನೆಯಲ್ಲಿ ಅಂಥ ವಿಮಾನ ಕಟ್ಟುತ್ತಾರೆ.

ಆ ಹಳೆಯ ಎಂಜಿನ್ನು ಮೆಲ್ಲಗೆ ತಿರುಗುತ್ತಿತ್ತು. ನಿಮಿಷಕ್ಕೆ ಸುಮಾರು 2,200 ಸುತ್ತು. ಹಂಗಾಗಿ ವಿಮಾನದ ಮುಂದಿನ ಪಂಖವನ್ನು ನೇರ ಅದಕ್ಕೇ ಹಚ್ಚಿದರೂ ನಡೆಯಿತು. ಈಗಿನ ಕಾರಿನ ಎಂಜಿನ್ನು ಪೂರಾ ಶಕ್ತಿ ಕೊಡಬೇಕಾದರೆ 5,000 ಸುತ್ತು ತಿರುಗಬೇಕು. ಆರು ಅಡಿಯ ಪಂಖ ಅಷ್ಟು ಜೋರು ತಿರುಗಿದರೆ ಅದರ ತುದಿ ಶಬ್ದಕ್ಕಿಂತ ಬೇಗ ಓಡುತ್ತದೆ. ಆಗ ಗದ್ದಲ ಬಹಳ, ಎಳೆತ ಕಡಿಮೆ.

ಉಪಾಯ ಏನು? ಹಿಟ್ಟಿನ ಗಿರಣಿ ನೆನಪು ಮಾಡಿಕೊಳ್ಳಿರಿ. ಸಣ್ಣ ಗಾಲಿಯಿಂದ ದೊಡ್ಡ ಗಾಲಿಗೆ ಬೆಲ್ಟು ಇರುತ್ತದೆ. ಸಣ್ಣದು ಎರಡು ಸುತ್ತು ಹಾಕಿದರೆ ದೊಡ್ಡದು ಒಂದೇ ಸುತ್ತು. ಇಲ್ಲಿಯೂ ಹಾಗೇ ಬೆಲ್ಟು ಇಲ್ಲವೆ ಹಲ್ಲಿನ ಗಾಲಿ ಇಟ್ಟು 5,000 ಸುತ್ತನ್ನು 2,500ಕ್ಕೆ ಇಳಿಸುತ್ತಾರೆ.

ಇನ್ನೊಂದು ತೊಡಕು ಐತಿ. ರಸ್ತೆಯ ಮೇಲೆ ಕಾರು ತನ್ನ ಶಕ್ತಿಯಲ್ಲಿ ಸ್ವಲ್ಪವನ್ನೇ ಬಳಸುತ್ತದೆ. ವಿಮಾನ ಹಾಗಲ್ಲ. ಏರುವಾಗ ಪೂರಾ ಶಕ್ತಿ, ಮೇಲೆ ಹೋದ ಮೇಲೂ ಬಹುಪಾಲು ಶಕ್ತಿ ಬೇಕೇ ಬೇಕು. ಎಂಜಿನ್ನು ಬಿಸಿಯಾಗುತ್ತದೆ, ದಣಿಯುತ್ತದೆ. ಹೊಳೆಯ ದಂಡೆಯ ಪಂಪು ನಿಂತರೆ ಬೈದು ಮನೆಗೆ ಬರುತ್ತೇವೆ. ಆಕಾಶದಲ್ಲಿ ನಿಂತರೆ? ವಿಮಾನ ಕಲ್ಲಿನಂತೆ ಬೀಳುವುದಿಲ್ಲ. ರೆಕ್ಕೆ ಬಡಿಯದ ಹದ್ದಿನಂತೆ ಜಾರುತ್ತ ಇಳಿಯುತ್ತದೆ. ಅಷ್ಟರಲ್ಲಿ ಬಯಲು ಹುಡುಕಬೇಕು. ಜೋಳ ಕೊಯ್ದ ನಮ್ಮ ಎರಿ ಹೊಲ ಬೇಸಿಗೆಯಲ್ಲಾದರೆ ನಡೆದೀತು. ಮಳೆಗಾಲದಲ್ಲಿ ಗಾಲಿ ಹುಗಿಯುವುದೇ ಸೈ! ಅದಕ್ಕೇ ವಿಮಾನದ ಎಂಜಿನ್ನಿನಲ್ಲಿ ಕಿಡಿ ಕೊಡುವ ಏರ್ಪಾಡು ಎರಡೆರಡು ಇರುತ್ತವೆ. ಒಂದು ಕೆಟ್ಟರೆ ಇನ್ನೊಂದು.

ನಮ್ಮ ಜೀಪಿನದು ಡೀಸೆಲ್ ಎಂಜಿನ್ನು. ಭಾರ ಬಹಳ. ಸಣ್ಣ ವಿಮಾನಕ್ಕೆ ಒಗ್ಗದು. ಹಗುರವಾದ ಪೆಟ್ರೋಲ್ ಎಂಜಿನ್ನು ಬೇಕು. ಫೋಕ್ಸ್‌ವ್ಯಾಗನ್ ಬೀಟಲ್ ಕಾರಿನ ಎಂಜಿನ್ನನ್ನು ಬಹಳ ಜನ ಬಳಸಿದ್ದಾರೆ. ಅದು ಗಾಳಿಯಿಂದಲೇ ತಂಪಾಗುತ್ತದೆ, ನೀರಿನ ಭಾರ ಇಲ್ಲ. ಆದರೆ ನಮ್ಮ ದೇಶದಲ್ಲಿ ಸರ್ಕಾರದ ಅನುಮತಿ ಇಲ್ಲದೆ ಹಾರಿಸುವಂತಿಲ್ಲ.

ಬಿಡಿಭಾಗ ತಂದು ಜೋಡಿಸುವ ವಿಮಾನವೂ ಉಂಟು. ಅಂಥದ್ದನ್ನು ನಮ್ಮ ಬೆಂಗಳೂರಿನಲ್ಲೇ ಮಾಡಿದ್ದಾರೆ. ರಾಜ್ ಹಂಸ್ ಎಂಬ ಕಂಪನಿ ಎಕ್ಸ್-ಏರ್ ಎಂಬ ಸಣ್ಣ ವಿಮಾನದ ಭಾಗಗಳನ್ನು ಮಾಡಿ ಹೊರದೇಶಗಳಿಗೂ ಕಳಿಸಿತು. ಒಂದು ಮಾದರಿಯ ಹೆಸರು ಹನುಮಾನ್! ಅದಕ್ಕೆ ಕಾರಿನದಲ್ಲ, ಸಣ್ಣ ವಿಮಾನಕ್ಕೆಂದೇ ಮಾಡಿದ ಎಂಜಿನ್ನು. ಅಲ್ಯುಮಿನಿಯಂ ಕೊಳವೆಗಳನ್ನು ಬೋಲ್ಟು ಹಾಕಿ ಜೋಡಿಸುತ್ತಾರೆ. ರೆಕ್ಕೆಯ ಬಟ್ಟೆಯನ್ನು ಮೊದಲೇ ಹೊಲಿದಿರುತ್ತಾರೆ. ದಿಂಬಿಗೆ ಗಲೀಫು ಹಾಕಿದ ಹಾಗೆ ಚೌಕಟ್ಟಿನ ಮೇಲೆ ಎಳೆದು ಬಿಗಿಯುತ್ತಾರೆ.

ಇದನ್ನು ಹೇಳಿದಾಗ ಆ ಅಕ್ಕ ಮುಂದೆ ಸರಿದು ಕೂತಳು. "ಯಾವ ದಾರ ಹಾಕ್ತಾರ್ರಿ?" ಅಂದಳು.

ಪಾಲಿಯೆಸ್ಟರ್ ಬಟ್ಟೆ, ಪಾಲಿಯೆಸ್ಟರ್ ದಾರ. ಬಿಸಿಲಿಗೆ ಎರಡೂ ಸವೆಯುತ್ತವೆ. ಅದಕ್ಕೇ ವಿಮಾನವನ್ನು ನೆರಳಿನಲ್ಲಿ ನಿಲ್ಲಿಸುತ್ತಾರೆ. ಹಾರುವ ಮುಂಚೆ ಹೊಲಿಗೆಯನ್ನು ಕಣ್ಣಿಟ್ಟು ನೋಡುತ್ತಾರೆ.