ಗಣಪ್ಪಗ ಬಣ್ಣ ಹಚ್ಚೂದು ಹೆಂಗ?

ಹುಬ್ಬಳ್ಳಿಯ ಡಿಟಿಪಿ ಅಂಗಡಿ. ಲಗ್ನದ ಸೀಜನ್. ಗಿರಾಕಿ ಮೊಬೈಲ್ ಮುಂದೆ ಹಿಡಿಯುತ್ತಾರೆ: ‘ಈ ಗಣಪ್ಪಗ ಕುಂಕುಮದ ಬಣ್ಣ ಹಚ್ಚಿಕೊಡ್ರಿ.’ ಪಿಎನ್‌ಜಿ ಚಿತ್ರ, ಹಿನ್ನೆಲೆ ಇಲ್ಲ. ಇನ್‌ಡಿಸೈನ್‌ಗೆ ತಂದು ಕೆಂಪು ಒತ್ತಿದರೆ ಚೌಕಟ್ಟೆಲ್ಲ ಕೆಂಪು. ಗಣಪ್ಪ ಮಾತ್ರ ಇದ್ದ ಹಾಗೇ ಇದ್ದಾನೆ. ತಪ್ಪು ಸಾಫ್ಟ್‌ವೇರಿನದಲ್ಲ.

1. ಮೊದಲು ಫೈಲು ನೋಡಿ. ವಾಟ್ಸ್‌ಆ್ಯಪ್‌ನಲ್ಲಿ ಫೋಟೊ ಎಂದು ಕಳಿಸಿದ ಪಿಎನ್‌ಜಿ ಜೆಪಿಜಿ ಆಗಿ ಬರುತ್ತದೆ, ಪಾರದರ್ಶಕತೆ ದಾರಿಯಲ್ಲೇ ಕಳೆದುಹೋಗುತ್ತದೆ. ‘ಡಾಕ್ಯುಮೆಂಟ್ ಅಂತ ಕಳಸ್ರಿ’ ಅನ್ನಿ. ಕೆಲವು ಚಿತ್ರಗಳಲ್ಲಿ ಹಿಂದಿನ ಬೂದು ಚೌಕಳಿ ಚಿತ್ರದ್ದೇ ಭಾಗವಾಗಿರುತ್ತದೆ. ಅಂಥದ್ದನ್ನು ತಿದ್ದುತ್ತ ಕೂಡುವುದಕ್ಕಿಂತ ಬೇರೆ ಗಣಪ್ಪನನ್ನು ಹುಡುಕುವುದು ಲೇಸು.

2. ಹಳೆಯ ಬ್ಲಾಕನ್ನು ನೆನಪಿಸಿಕೊಳ್ಳಿ. 1933ರಲ್ಲಿ ಜಿ.ಬಿ. ಜೋಶಿಯವರು ಧಾರವಾಡದಲ್ಲಿ ಮನೋಹರ ಗ್ರಂಥಮಾಲೆ ಶುರುಮಾಡಿದ್ದು ಅಚ್ಚುಮೊಳೆಯ ಕಾಲದಲ್ಲಿ. ಆಗ ಚಿತ್ರಕ್ಕೆ ಸತುವಿನ ಬ್ಲಾಕು. ಬ್ಲಾಕಿಗೆ ತನ್ನದೇ ಬಣ್ಣವಿಲ್ಲ. ರೋಲರಿನ ಮೇಲೆ ಯಾವ ಮಸಿ ಇದೆಯೋ ಅದೇ ಬಣ್ಣ. ಇಂದು ಆ ಬ್ಲಾಕಿನ ಜಾಗದಲ್ಲಿರುವುದು ಒಂದು ಬಿಟ್‌ನ ಟಿಫ್. ಅದರಲ್ಲಿ ಇರುವುದು ಕಪ್ಪು ಇಲ್ಲವೇ ಏನೂ ಇಲ್ಲ. ಪಿಎನ್‌ಜಿ ತನ್ನ ಬಣ್ಣ ತಾನೇ ಹೊತ್ತು ಬರುತ್ತದೆ, ಅದಕ್ಕೇ ನಿಮ್ಮ ಬಣ್ಣ ಹಿಡಿಯುವುದಿಲ್ಲ.

3. ಬ್ಲಾಕು ಮಾಡುವುದು ಹೀಗೆ: ಫೋಟೊಶಾಪ್‌ನಲ್ಲಿ ಡಿ ಒತ್ತಿ, ಆಮೇಲೆ ಶಿಫ್ಟ್-ಆಲ್ಟ್-ಬ್ಯಾಕ್‌ಸ್ಪೇಸ್. ಗೆರೆಯೆಲ್ಲ ಕಪ್ಪಾಗುತ್ತದೆ, ಖಾಲಿ ಜಾಗ ಖಾಲಿಯೇ ಉಳಿಯುತ್ತದೆ. ಫ್ಲಾಟನ್, ಗ್ರೇಸ್ಕೇಲ್, ಬಿಟ್‌ಮ್ಯಾಪ್. ಅಚ್ಚಾಗುವ ಅಳತೆಯಲ್ಲಿ 1200 ಪಿಪಿಐ. ಟಿಫ್ ಆಗಿ ಉಳಿಸಿ. ಕಪ್ಪು ಮಾಡದೆ ಫ್ಲಾಟನ್ ಕೊಟ್ಟರೆ ಬಿಳಿ ಗೆರೆಯ ಗಣಪ್ಪ ಬಿಳಿ ಹಾಳೆಯಲ್ಲಿ ಮಾಯ! ಗೆರೆಚಿತ್ರಕ್ಕಷ್ಟೇ ಈ ಉಪಾಯ. ನೆರಳು-ಬೆಳಕಿನ ಚಿತ್ರಕ್ಕೆ ಕಪ್ಪು ತುಂಬಬೇಡಿ, ಗ್ರೇಸ್ಕೇಲಿನಲ್ಲೇ ನಿಲ್ಲಿಸಿ.

4. ಇನ್‌ಡಿಸೈನ್‌ನಲ್ಲಿ ಬಿಳಿ ಬಾಣ ಹಿಡಿದು ಚಿತ್ರ ಒತ್ತಿ, ಬಣ್ಣ ಕೊಡಿ. ಕಪ್ಪು ಬಾಣದಿಂದ ಕೊಟ್ಟ ಬಣ್ಣ ಚೌಕಟ್ಟಿಗೆ ಹೋಗುತ್ತದೆ. ಗ್ರೇಸ್ಕೇಲ್ ಚಿತ್ರದ ಬಿಳಿ ಕೆಳಗಿನ ಡಿಸೈನನ್ನು ಮುಚ್ಚಿದರೆ ಮಲ್ಟಿಪ್ಲೈ ಹಾಕಿ.

5. ಕೋರಲ್‌ಡ್ರಾದವರಿಗೆ ಇನ್ನೂ ಸಸಾರ. ಬ್ಲ್ಯಾಕ್ ಆ್ಯಂಡ್ ವೈಟ್ ಮೋಡಿಗೆ ತಂದು ಪ್ಯಾಲೆಟ್ ಮೇಲೆ ಬಲ ಕ್ಲಿಕ್ಕಾದರೆ ಚಿತ್ರಕ್ಕೆ ಬಣ್ಣ, ಎಡ ಕ್ಲಿಕ್ಕಾದರೆ ಹಿನ್ನೆಲೆಗೆ. ಗುಣಾಕಾರದ ಗುರುತಿನ ಮೇಲೆ ಎಡ ಕ್ಲಿಕ್ ಮಾಡಿದರೆ ಹಿನ್ನೆಲೆ ಹೋಯಿತು.

6. ಎರಡು ಬಣ್ಣದ ಕಾರ್ಡಿಗೆ ಕುಂಕುಮವನ್ನು ಸ್ಪಾಟ್ ಬಣ್ಣವಾಗಿಯೇ ಇಡಿ. ಮಜೆಂಟಾ 100, ಹಳದಿ 100 ಎಂದು ಕೊಟ್ಟಿರೋ, ಒಂದು ಗಣಪ್ಪ ಎರಡು ಪ್ಲೇಟಿಗೆ ಹರಿದು ಹಂಚಿಹೋಗುತ್ತಾನೆ. ರಿಜಿಸ್ಟರ್ ಕೂದಲೆಳೆ ತಪ್ಪಿದರೂ ಸೊಂಡಿಲ ಅಂಚಿಗೆ ಹಳದಿ ಇಣುಕುತ್ತದೆ. ಪ್ಲೇಟಿಗೆ ಕಳಿಸುವ ಮುಂಚೆ ಇನ್‌ಡಿಸೈನ್‌ನಲ್ಲಿ ಶಿಫ್ಟ್-ಎಫ್6 ಒತ್ತಿ, ಪ್ಲೇಟುಗಳನ್ನು ಒಂದೊಂದಾಗಿ ಆರಿಸಿ ನೋಡಿ.

7. ಬೆಲೆ ಹೇಳುವ ಮೊದಲು ಕಾರ್ಡಿನ ಬಣ್ಣ ಕೇಳಿ. ಪರದೆಯ ಮೇಲಿನ ಹಾಳೆ ಸಾಮಾನ್ಯವಾಗಿ ಬಿಳಿ; ಗಿರಾಕಿ ಆರಿಸುವುದು ಅರಿಶಿನ ಬಣ್ಣದ ಕಾರ್ಡು. ಆಫ್‌ಸೆಟ್ ಮಸಿಯೂ ಪಾರದರ್ಶಕವೇ. ಹಳದಿ ಕಾರ್ಡಿನ ಮೇಲೆ ನೀಲಿ ಒತ್ತಿದರೆ ನವಿಲು ಹಸಿರಾಗಿಯೇ ಕಾಣುತ್ತದೆ.