ಎತ್ತು, ನಾಯಿ ಮತ್ತು ಕಾನೂನು: ಒಡೆಯನ ಹೊಣೆಗಳು

ಎತ್ತು ಹೊಲದಲ್ಲಿ ದುಡಿಯುತ್ತದೆ. ನಾಯಿ ಕಣ ಕಾಯುತ್ತದೆ. ಎರಡೂ ರೈತನ ಸ್ವತ್ತು ಎಂಬುದು ನಿಜ. ಆದರೆ ಸ್ವತ್ತೆಂಬ ಕಾರಣಕ್ಕೆ ಅವುಗಳನ್ನು ಮನಬಂದಂತೆ ನಡೆಸಿಕೊಳ್ಳಲು ಕಾನೂನು ಅವಕಾಶ ಕೊಟ್ಟಿಲ್ಲ. 1960ರ ಪ್ರಾಣಿ ಹಿಂಸೆ ತಡೆ ಕಾಯಿದೆಯ 3ನೆಯ ಕಲಮಿನ ಪ್ರಕಾರ, ಪ್ರಾಣಿಯ ಕ್ಷೇಮ ನೋಡಿಕೊಳ್ಳುವುದೂ ಅದಕ್ಕೆ ಅನಗತ್ಯ ನೋವಾಗದಂತೆ ತಡೆಯುವುದೂ ಅದನ್ನು ಸಾಕಿದವನ ಕರ್ತವ್ಯ. ಈ ಕರ್ತವ್ಯ ರೈತನ ದಿನನಿತ್ಯದ ಕೆಲಸದಲ್ಲಿ ಹೇಗೆ ಅನ್ವಯಿಸುತ್ತದೆ ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

ಯಾವುದು ಅಪರಾಧ?

ಕಾಯಿದೆಯ 11ನೆಯ ಕಲಮಿನಲ್ಲಿ ಹೇಳಿರುವ ಅಪರಾಧಗಳಲ್ಲಿ ರೈತರು ಮುಖ್ಯವಾಗಿ ಗಮನಿಸಬೇಕಾದವು ಇವು:

1. ಹೊಡೆದು, ಒದ್ದು, ಮಿತಿಮೀರಿ ಹೊರೆ ಹೊರಿಸಿ ನೋವುಂಟುಮಾಡುವುದು.
2. ಮುಪ್ಪು, ರೋಗ, ಕುಂಟು ಅಥವಾ ಗಾಯದಿಂದ ದುಡಿಯಲಾರದ ಪ್ರಾಣಿಯನ್ನು ದುಡಿಸುವುದು. ನೊಗದ ಹುಣ್ಣಾದ ಎತ್ತನ್ನು ಹೂಡುವುದೂ ಇದರಲ್ಲಿ ಸೇರುತ್ತದೆ.
3. ಸಾಕಷ್ಟು ಮೇವು, ನೀರು, ನೆರಳು ಒದಗಿಸದಿರುವುದು.
4. ತೀರ ಗಿಡ್ಡ ಅಥವಾ ಭಾರವಾದ ಸರಪಳಿಯಲ್ಲಿ ಬಹಳ ಹೊತ್ತು ಕಟ್ಟಿಹಾಕುವುದು. ಸದಾ ಕಟ್ಟಿದ ನಾಯಿಯನ್ನು ಅಡ್ಡಾಡಿಸದಿರುವುದು.
5. ಹಸಿವು ನೀರಡಿಕೆಯಿಂದ ನರಳುವಂತೆ ಪ್ರಾಣಿಯನ್ನು ಹಾದಿಬೀದಿಗೆ ಬಿಟ್ಟುಬಿಡುವುದು.

ಗಾಡಿ ಎತ್ತಿನ ನಿಯಮಗಳು

ಗಾಡಿ ಎಳೆಯುವ ಮತ್ತು ಹೊರೆ ಹೊರುವ ಪ್ರಾಣಿಗಳಿಗಾಗಿ 1965ರಲ್ಲಿ ಪ್ರತ್ಯೇಕ ನಿಯಮಗಳು ಬಂದವು. 200ರಿಂದ 350 ಕಿಲೋ ತೂಗುವ ಮಧ್ಯಮ ಗಾತ್ರದ ಒಂದು ಎತ್ತು ಎರಡು ಗಾಲಿಯ ಗಾಡಿಯಲ್ಲಿ ಎಳೆಯಬಹುದಾದ ಹೊರೆ, ಗಾಳಿ ತುಂಬಿದ ಟೈರಿದ್ದರೆ 1050 ಕಿಲೋ, ಇಲ್ಲದಿದ್ದರೆ 700 ಕಿಲೋ. ಜೋಡಿ ಎತ್ತಿಗೆ ಇದರ ಎರಡರಷ್ಟು. ಗಾಡಿಯ ತೂಕವನ್ನೂ ಸೇರಿಸಿ ಲೆಕ್ಕ ಹಾಕುವುದು ಕ್ಷೇಮ. ಕಬ್ಬು ಸಾಗಿಸುವ ಹಂಗಾಮಿನಲ್ಲಿ ಒಂದು ಸುತ್ತು ಉಳಿಸುವ ಆಸೆಗೆ ಹೊರೆ ಏರಿಸುವವರು ಈ ಅಂಕಿಗಳನ್ನು ನೆನಪಿಡತಕ್ಕದ್ದು.

ಗಾಡಿಗೆ ಕಟ್ಟಿದ ಎತ್ತನ್ನು ದಿನಕ್ಕೆ ಒಟ್ಟು 9 ಗಂಟೆಗಿಂತ ಹೆಚ್ಚು, ವಿಶ್ರಾಂತಿಯಿಲ್ಲದೆ ಒಂದೇ ಸಮನೆ 5 ಗಂಟೆಗಿಂತ ಹೆಚ್ಚು ದುಡಿಸಕೂಡದು. ಉಷ್ಣಾಂಶ 37 ಡಿಗ್ರಿ ಸೆಲ್ಸಿಯಸ್ ಮೀರುವ ಕಡೆ ಮಧ್ಯಾಹ್ನ 12ರಿಂದ 3 ಗಂಟೆಯವರೆಗೆ ಹೂಡಲೇಬಾರದು. ರಾಯಚೂರು, ಕಲಬುರಗಿ ಭಾಗದಲ್ಲಿ ಏಪ್ರಿಲ್ ಮೇ ತಿಂಗಳುಗಳಲ್ಲಿ ಬಿಸಿಲು ಈ ಮಿತಿಯನ್ನು ದಾಟುವುದು ಸಾಮಾನ್ಯ. ಮೊಳೆ ಹೊಡೆದ ಬಾರುಕೋಲಿಗೂ ನಿಷೇಧವಿದೆ. ಮಾಗಿ ಉಳುಮೆಗೂ ಇದೇ ಕ್ರಮ ಅನುಸರಿಸುವುದು ಲೇಸು: ಬೆಳಗಿನ ತಂಪಿನಲ್ಲಿ ಹೂಡಿ, ಬಿಸಿಲೇರುವ ಮೊದಲೇ ಕೊರಳು ಬಿಡಬೇಕು.

ನಾಯಿ ಸಾಕಿದವರಿಗೆ

ನಾಯಿಮರಿಗೆ ಮೂರು ತಿಂಗಳಾದಾಗ ಹುಚ್ಚುನಾಯಿ ರೋಗದ ಲಸಿಕೆ ಹಾಕಿಸಿ, ಆಮೇಲೆ ಪಶುವೈದ್ಯರು ಹೇಳಿದಂತೆ ವರ್ಷವರ್ಷವೂ ಹಾಕಿಸಬೇಕು. ಈ ರೋಗದ ಚಿಹ್ನೆಗಳು ಕಾಣಿಸಿಕೊಂಡ ಮೇಲೆ ಮನುಷ್ಯ ಬದುಕುಳಿಯುವುದು ಅತಿ ವಿರಳ. ನಾಯಿ ಕಚ್ಚಿದರೆ ಗಾಯವನ್ನು ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಸುಣ್ಣ, ಖಾರದಪುಡಿ ಮೆತ್ತಕೂಡದು.

ಕಚ್ಚುವ ನಾಯಿಯನ್ನಾಗಲಿ ಹಾಯುವ ಹೋರಿಯನ್ನಾಗಲಿ ಎಚ್ಚರಿಕೆಯಿಲ್ಲದೆ ಬಿಟ್ಟು ಜನರ ಪ್ರಾಣಕ್ಕೆ ಅಪಾಯ ತಂದೊಡ್ಡಿದರೆ, 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 291ನೆಯ ಕಲಮಿನಂತೆ ಒಡೆಯನಿಗೆ 6 ತಿಂಗಳವರೆಗೆ ಸಜೆ, ಅಥವಾ 5000 ರೂಪಾಯಿವರೆಗೆ ದಂಡ, ಅಥವಾ ಎರಡೂ ಆಗಬಹುದು.

ಶಿಕ್ಷೆ ಎಷ್ಟು?

11ನೆಯ ಕಲಮಿನ ಮೊದಲ ಅಪರಾಧಕ್ಕೆ 10ರಿಂದ 50 ರೂಪಾಯಿ ದಂಡ. ಮೂರು ವರ್ಷದೊಳಗೆ ಮತ್ತೆ ತಪ್ಪಿದರೆ 25ರಿಂದ 100 ರೂಪಾಯಿ ದಂಡ, ಅಥವಾ 3 ತಿಂಗಳವರೆಗೆ ಸಜೆ, ಅಥವಾ ಎರಡೂ. ದಂಡ ಅಲ್ಪವೆಂದು ಉದಾಸೀನ ಮಾಡುವಂತಿಲ್ಲ. ನ್ಯಾಯಾಲಯವು ಪ್ರಾಣಿಯನ್ನು ಚಿಕಿತ್ಸಾಲಯಕ್ಕೋ ಪಾಂಜರಪೋಳಕ್ಕೋ ಕಳಿಸಿ, ಅದರ ಸಾಗಾಟ ಮತ್ತು ಪಾಲನೆಯ ವೆಚ್ಚವನ್ನು ಒಡೆಯನಿಂದಲೇ ವಸೂಲು ಮಾಡಿಸಬಹುದು. ಪ್ರಾಣಿಯ ಒಡೆತನವನ್ನೇ ಕಿತ್ತುಕೊಳ್ಳುವ ಅಧಿಕಾರವೂ ಅದಕ್ಕಿದೆ.

ನೆರೆಯವರ ದನ ಪೈರಿಗೆ ನುಗ್ಗಿತೆಂದು ಕುಡುಗೋಲು ಬೀಸುವುದು, ಕೋಳಿ ಹಿಡಿಯಿತೆಂದು ನಾಯಿಗೆ ವಿಷವಿಡುವುದು ಇನ್ನೂ ದೊಡ್ಡ ಅಪರಾಧ. ಪ್ರಾಣಿಯನ್ನು ಕೊಂದವನಿಗೆ, ವಿಷ ಹಾಕಿದವನಿಗೆ, ಅಂಗಊನ ಮಾಡಿದವನಿಗೆ ಸಂಹಿತೆಯ 325ನೆಯ ಕಲಮಿನಡಿ 5 ವರ್ಷದವರೆಗೆ ಸಜೆಯಾಗಬಹುದು. ಬೆಳೆ ಹಾಳಾದರೆ ಪಂಚರ ಮುಂದೆ ನಷ್ಟ ತೋರಿಸಿ ಪರಿಹಾರ ಕೇಳುವುದೇ ಸರಿಯಾದ ದಾರಿ.

ಮುದಿ ಎತ್ತಿನ ಪ್ರಶ್ನೆ

ಮೇವಿಲ್ಲದ ವರ್ಷ ಮುದಿ ಎತ್ತನ್ನು ಸಾಕುವುದು ಸಣ್ಣ ರೈತನಿಗೆ ಕಷ್ಟವೆಂಬುದನ್ನು ಅಲ್ಲಗಳೆಯುವಂತಿಲ್ಲ. ಆದರೂ ಹಗ್ಗ ಬಿಚ್ಚಿ ಊರಾಚೆ ಅಟ್ಟುವುದು ಪರಿಹಾರವಲ್ಲ. ಜೋಳದ ಸೊಪ್ಪೆ, ರಾಗಿ ಹುಲ್ಲನ್ನು ಸುಗ್ಗಿಯಲ್ಲೇ ಬಣವೆ ಒಟ್ಟಿ, ಕತ್ತರಿಸಿ ಹಾಕಿದರೆ ಮೇವು ಪೋಲಾಗದೆ ಹೆಚ್ಚು ದಿನ ಬರುತ್ತದೆ. ಎತ್ತಿನ ಸಗಣಿ ಗಂಜಲ ತಿಪ್ಪೆಗೆ ಸೇರಿ ಹೊಲಕ್ಕೆ ಮರಳುತ್ತದೆ. ಸಾಕಲು ಸಾಧ್ಯವೇ ಇಲ್ಲದಿದ್ದಲ್ಲಿ ಹತ್ತಿರದ ಗೋಶಾಲೆಗೆ ಒಪ್ಪಿಸಲು ಪಶು ಆಸ್ಪತ್ರೆಯಲ್ಲಿ ವಿಚಾರಿಸಬೇಕು.

ರೈತ ಬಾಂಧವರು ಈ ನಿಯಮಗಳನ್ನು ತಮ್ಮ ಆಳುಕಾಳುಗಳಿಗೂ ಗಾಡಿ ಹೊಡೆಯುವವರಿಗೂ ತಿಳಿಸಿ ಹೇಳಬೇಕು. ಹೆಗಲು ಹುಣ್ಣಾಗದ ಎತ್ತು ಬಿತ್ತನೆಯ ಹದ ತಪ್ಪಿಸುವುದಿಲ್ಲ.