ನಡುಕಕ್ಕೆ ಅಳತೆ, ಸೋರಿಕೆಗೆ ಅವಸರ

ಬನದ ಹುಣ್ಣಿಮೆ ಹತ್ತಿರ ಬಂತೆಂದರೆ ನಮ್ಮ ಚೊಳಚಗುಡ್ಡದ ಕಾರುಗಳೆಲ್ಲ ಗ್ಯಾರೇಜಿನ ದಾರಿ ಹಿಡಿಯುತ್ತವೆ. ಬನಶಂಕರಿ ಜಾತ್ರೆಗೆ ಬೀಗರು ಬರುವವರಿರುತ್ತಾರೆ, ಬಾದಾಮಿ ಸ್ಟೇಶನ್ನಿಗೆ ಹೋಗಿ ಕರೆತರಬೇಕು, ರಾತ್ರಿ ನಾಟಕ ನೋಡಿದವರನ್ನು ಮನೆ ಮುಟ್ಟಿಸಬೇಕು. ಆ ಹೊತ್ತಿನಲ್ಲಿ ಜನ ಬ್ರೇಕಿಗೆ ಮಾಡುವ ಖರ್ಚನ್ನು ವರ್ಷಗಳಿಂದ ನೋಡುತ್ತ ಬಂದಿದ್ದೇನೆ. ಬ್ರೇಕ್ ಒತ್ತಿದಾಗ ಸ್ಟಿಯರಿಂಗ್ ನಡುಗಿದರೆ ಗಾಬರಿಯಾಗಿ ಮೆಕ್ಯಾನಿಕ್ ಹೇಳಿದ್ದನ್ನೆಲ್ಲ ಬದಲಿಸುತ್ತಾರೆ. ಚಕ್ರದ ಒಳಬದಿಯಲ್ಲಿ ಬ್ರೇಕ್ ಆಯಿಲ್ ಜಿನುಗಿದರೆ ಅಂಗಡಿಯಿಂದ ಬಾಟಲಿ ತಂದು ಸುರಿದು ಓಡಿಸುತ್ತಾರೆ. ಇದು ಪೂರ್ತಿ ಉಲ್ಟಾ. ಬ್ರೇಕ್ ಒತ್ತಿದಾಗಿನ ಸಣ್ಣ ನಡುಕ ಸಾಮಾನ್ಯವಾಗಿ ಅಳತೆ ಮಾಡಿಸುವಷ್ಟು ಪುರುಸೊತ್ತು ಕೊಡುತ್ತದೆ. ಬ್ರೇಕ್ ಆಯಿಲ್ ಸೋರಿಕೆ ಒಂದು ಸಂಜೆಯ ಪುರುಸೊತ್ತನ್ನೂ ಕೊಡುವುದಿಲ್ಲ.

ಮೊದಲು ನಡುಕದ ಮಾತು. ನಮ್ಮದು ಸೆಕೆಂಡ್‌ಹ್ಯಾಂಡ್ ಕೊಂಡ ಸಣ್ಣ ಕಾರು. ಮಳೆಗಾಲ ಮುಗಿಯುವ ಹೊತ್ತಿಗೆ, ಕೆರೂರು ದಾಟಿ ಹುಬ್ಬಳ್ಳಿ ಹೆದ್ದಾರಿಯಲ್ಲಿ ವೇಗ ಎಂಬತ್ತು ಮುಟ್ಟಿದೊಡನೆ ಸ್ಟಿಯರಿಂಗ್ ಅದುರತೊಡಗಿತು. ಬ್ರೇಕ್ ಒತ್ತಿದರೆ ಇನ್ನೂ ಜೋರು. ಶಹರದ ಒಂದು ದೊಡ್ಡ ವರ್ಕ್‌ಶಾಪಿನಲ್ಲಿ ತೋರಿಸಿದೆ. ಮುಂದಿನ ಎರಡೂ ಡಿಸ್ಕ್, ಪ್ಯಾಡ್, ಎರಡೂ ಕಡೆಯ ಲೋಯರ್ ಆರ್ಮ್ ಎಂದು ಬರೆದು ಸುಮಾರು 18,000 ರೂಪಾಯಿಯ ಎಸ್ಟಿಮೇಟ್ ಕೈಗಿಟ್ಟರು. ಡಿಸ್ಕ್ ಅಳತೆ ಎಷ್ಟು ಬಂತು ಎಂದು ಕೇಳಿದೆ. ಅಳೆದಿರಲಿಲ್ಲ. ಚಕ್ರವನ್ನೇ ಬಿಚ್ಚಿರಲಿಲ್ಲ. ಎಸ್ಟಿಮೇಟ್ ಮಡಚಿಟ್ಟುಕೊಂಡು, ನಿಧಾನವಾಗಿ ಓಡಿಸಿಕೊಂಡು ಊರಿಗೆ ಬಂದೆ.

ಬಾದಾಮಿಯ ನಮ್ಮ ಮಿಸ್ತ್ರಿ ಕಾರಿಗೆ ಕೈ ಹಚ್ಚುವ ಮೊದಲು ನನ್ನನ್ನೇ ಪ್ರಶ್ನೆ ಕೇಳಿದರು. "ಬ್ರೇಕ್ ಹಚ್ಚಲಾರದಾಗನೂ ನಡಗತೈತೇನ್ರಿ? ಕೈಯಾಗ ಗೊತ್ತಾಗತೈತೊ, ಕುಂತ ಸೀಟಿನಾಗೊ?" ಅರ್ಧ ರೋಗಪತ್ತೆ ಈ ಎರಡು ಪ್ರಶ್ನೆಯಲ್ಲೇ ಇದೆ, ಅದಕ್ಕೆ ದುಡ್ಡೂ ಇಲ್ಲ. ಬ್ರೇಕ್ ಮುಟ್ಟದೆಯೂ ಒಂದು ವೇಗದಲ್ಲಿ ನಡುಗುತ್ತದೆಂದರೆ ಮೊದಲ ಸಂಶಯ ಚಕ್ರದ ಬ್ಯಾಲೆನ್ಸ್, ರಿಮ್ ಇಲ್ಲವೆ ಟೈರ್ ಮೇಲೆ. ಬ್ರೇಕ್ ಒತ್ತಿದಾಗ ಮಾತ್ರ ಸ್ಟಿಯರಿಂಗ್ ನಡುಗಿದರೆ ಮುಂದಿನ ಡಿಸ್ಕ್. ಕೈಗೆ ಏನೂ ತಿಳಿಯದೆ ಸೀಟು, ಪೆಡಲ್ ಅದುರಿದರೆ ಹಿಂದಿನ ಡ್ರಮ್. ಜಲ್ಲಿಯ ಮೇಲೆ ಗಕ್ಕನೆ ಬ್ರೇಕ್ ಒತ್ತಿದಾಗ ಪೆಡಲ್ ಕಟಕಟ ಒದೆಯುವುದು ಎಬಿಎಸ್‌ನ ಕೆಲಸ, ಅದು ದೋಷವಲ್ಲ. 2019ರ ಏಪ್ರಿಲ್ ನಂತರ ತಯಾರಾದ ಕಾರುಗಳಲ್ಲೆಲ್ಲ ಎಬಿಎಸ್ ಕಡ್ಡಾಯವಾಗಿ ಇರುತ್ತದೆ. ಅದಕ್ಕೂ ಹೆದರಿ ಗ್ಯಾರೇಜಿಗೆ ಹೋದವರಿದ್ದಾರೆ.

ಚಕ್ರ ಬಿಚ್ಚಿದಾಗ ರಿಮ್ಮಿನ ಒಳಗೆ ಎರೆಮಣ್ಣು ಹೆಪ್ಪುಗಟ್ಟಿ ಕುಂತಿತ್ತು. ಮಲಪ್ರಭೆಯ ದಂಡೆಯ ಹೊಲದ ದಾರಿಯಲ್ಲಿ ತಿರುಗಾಡಿದ ಕಾರಿಗೆ ಇದು ತಪ್ಪಿದ್ದಲ್ಲ. ಹಸಿ ಇದ್ದಾಗ ಅಂಟುತ್ತದೆ, ಒಣಗಿದ ಮೇಲೆ ಇಟ್ಟಿಗೆಯಷ್ಟು ಗಟ್ಟಿ. ಚಕ್ರದ ಒಂದೇ ಮಗ್ಗುಲಿಗೆ ಅಷ್ಟು ಭಾರ ಅಂಟಿಕೊಂಡರೆ ಎಂಬತ್ತರ ವೇಗದಲ್ಲಿ ನಡುಗದೆ ಇರುತ್ತದೆಯೆ? ಖುರ್ಪಿಯಿಂದ ಕೆರೆದು ಪೈಪಿನ ನೀರು ಬಿಟ್ಟರು. ಅರ್ಧ ನಡುಕ ಅಲ್ಲಿಗೇ ಹೋಯಿತು, ಖರ್ಚು ಸೊನ್ನೆ.

ಉಳಿದರ್ಧ ಬ್ರೇಕ್ ಒತ್ತಿದಾಗಿನದು. ಡಿಸ್ಕ್ ಸೊಟ್ಟಾಗಿದೆ ಎನ್ನುವುದು ಎಲ್ಲರ ಬಾಯಲ್ಲಿರುವ ಮಾತು. ನಿಜದಲ್ಲಿ ಹೆಚ್ಚಿನ ಸಲ ಆಗಿರುವುದು ಡಿಸ್ಕಿನ ದಪ್ಪದಲ್ಲಿ ಕೂದಲೆಳೆಯ ಹೆಚ್ಚುಕಡಿಮೆ. ಡಿಸ್ಕ್ ಮತ್ತು ಹಬ್ ನಡುವೆ ತುಕ್ಕು ಸೇರಿದರೆ, ಪಂಕ್ಚರ್ ಹಾಕಿದವರು ನಟ್ಟುಗಳನ್ನು ಒಂದು ಬಿಗಿ ಒಂದು ಸಡಿಲ ಮಾಡಿದರೆ ಡಿಸ್ಕ್ ತುಸು ಓಲಾಡುತ್ತ ತಿರುಗುತ್ತದೆ. ಆಗ ಪ್ಯಾಡ್ ಒಂದೇ ಜಾಗವನ್ನು ಸವೆಸುತ್ತ ಹೋಗುತ್ತದೆ. ಈ ಓಲಾಟ ಮಿಲಿಮೀಟರಿನ ಹತ್ತನೇ ಒಂದು ಭಾಗ ಮುಟ್ಟಿದರೂ ಬಹಳ ಕಾರುಗಳಿಗೆ ಹೆಚ್ಚೇ. ಕಣ್ಣಿಗೆ ಕಾಣುವಂಥದ್ದಲ್ಲ, ಡಯಲ್ ಗೇಜ್ ಬೇಕು. ದಪ್ಪಕ್ಕೆ ಮೈಕ್ರೊಮೀಟರ್ ಬೇಕು. ಡಿಸ್ಕ್ ಎಷ್ಟು ತೆಳುವಾಗುವ ತನಕ ಬಳಸಬಹುದು ಎನ್ನುವ ಕನಿಷ್ಠ ಅಳತೆಯನ್ನು ಬಹುತೇಕ ಕಂಪನಿಯವರು ಡಿಸ್ಕಿನ ಮೇಲೆಯೇ ಅಚ್ಚೊತ್ತಿರುತ್ತಾರೆ. ನಮ್ಮ ಡಿಸ್ಕ್ ಆ ಅಳತೆಗಿಂತ ಸಾಕಷ್ಟು ದಪ್ಪ ಇತ್ತು. ಹಿಂದೆ ಹಬ್ಬಿನ ಮುಖಕ್ಕೆ ತುಕ್ಕು ಹಿಡಿದಿತ್ತು. ಮಿಸ್ತ್ರಿ ತಂತಿಬ್ರಷ್ ಹಿಡಿದು ಬಿಳಿ ಕಬ್ಬಿಣ ಕಾಣುವ ತನಕ ತಿಕ್ಕಿದರು, ಡಿಸ್ಕಿಗೆ ಲೇತಿನಲ್ಲಿ ತೆಳ್ಳಗೆ ಒಂದು ಪದರ ತೆಗೆಸಿದರು. ಪ್ಯಾಡ್ ಅರ್ಧಕ್ಕಿಂತ ಹೆಚ್ಚು ಉಳಿದಿದ್ದರಿಂದ ಮೇಲ್ಮೈ ಉಜ್ಜಿ ಅವನ್ನೇ ಕೂಡಿಸಿದರು. ಎಲ್ಲ ಸೇರಿ 2,000 ರೂಪಾಯಿಯ ಒಳಗೆ ಮುಗಿಯಿತು.

ಅಳತೆಯಲ್ಲಿ ಡಿಸ್ಕ್ ತೆಳುವಾಗಿದೆ ಎಂದು ಬಂದರೆ ಚೌಕಾಸಿ ಬೇಡ, ಜೋಡಿಯಾಗಿಯೇ ಬದಲಿಸಬೇಕು. ಪ್ಯಾಡೂ ಹೊಸದೇ ಬೇಕು. ಪಂಕ್ಚರ್ ಹಾಕಿಸಿದ ಮರುದಿನವೇ ನಡುಕ ಶುರುವಾಗಿದ್ದರೆ ಗಾಡಿಯನ್ನು ಮುಂದೆ ಒಯ್ಯದೆ ನಟ್ಟು ನೋಡಿ. ನಡುಕದ ಜೊತೆ ಗೊರಗೊರ ಸಪ್ಪಳ ಅಥವಾ ಗಾಡಿ ಒಂದು ಕಡೆ ಎಳೆಯುವುದು ಸೇರಿದ್ದರೂ ನಿಲ್ಲಿಸಿ ತೋರಿಸಿ.

ಇನ್ನು ಸೋರಿಕೆ. ಇಲ್ಲಿ ನನಗೆ ನಿಜವಾಗಿಯೂ ಕಳವಳ ಇದೆ.

ನಮ್ಮ ಕಾಕಾ ಎಲೆಬಳ್ಳಿ ತೋಟದವರು, ಕೈ ಬಿಗಿ ಹಿಡಿದು ಸಂಸಾರ ಮಾಡಿದವರು. ಅವರ ಕಾರಿನ ಡಿಕ್ಕಿಯಲ್ಲಿ ಬ್ರೇಕ್ ಆಯಿಲ್ ಬಾಟಲಿ ಕಾಯಂ ಇರುತ್ತಿತ್ತು. "ತಮ್ಮಾ, ಸ್ವಲ್ಪ ಕುಡೀತೈತಿ ಅಷ್ಟ, ಹಾಕ್ಕೊಂತ ಹೊಂಟರ ಏನೂ ಆಗಂಗಿಲ್ಲ" ಎನ್ನುತ್ತಿದ್ದರು. ಎಂಜಿನ್ ಆಯಿಲ್ ಕುಡಿಯಬಹುದು, ಅದು ಉರಿದು ಹೊಗೆಯಾಗಿ ಹೋಗುತ್ತದೆ. ಬ್ರೇಕ್ ಆಯಿಲ್ ಇರುವುದು ಮುಚ್ಚಿದ ಕೊಳವೆಗಳಲ್ಲಿ, ಉರಿಯುವ ಪ್ರಶ್ನೆಯೇ ಇಲ್ಲ. ಡಬ್ಬಿಯಲ್ಲಿ ಮಟ್ಟ ಇಳಿಯಲು ಇರುವುದು ಎರಡೇ ಕಾರಣ. ಪ್ಯಾಡ್ ಸವೆದಂತೆ ಕ್ಯಾಲಿಪರಿನ ಪಿಸ್ಟನ್ ಮುಂದೆ ಸರಿದು ಆ ಜಾಗವನ್ನು ಆಯಿಲ್ ತುಂಬುತ್ತದೆ, ತಿಂಗಳುಗಟ್ಟಲೆ ನಿಧಾನವಾಗಿ ಇಳಿಯುತ್ತದೆ. ಇಲ್ಲದಿದ್ದರೆ ಎಲ್ಲೋ ಸೋರುತ್ತಿದೆ. ಬಾಟಲಿ ಸುರಿದರೆ ಎರಡೂ ಸುದ್ದಿ ಮುಚ್ಚಿಹೋಗುತ್ತವೆ.

ಕಾಕಾರ ಕಾರಿನ ಹಿಂದಿನ ಎಡಚಕ್ರದ ಟೈರಿನ ಒಳಮಗ್ಗುಲು ಒದ್ದೆಯಾಗಿತ್ತು, ಮೇಲೆ ಧೂಳು ಕೂತು ಕರಿ ಪಟ್ಟಿಯಾಗಿತ್ತು. ಡ್ರಮ್ ಬಿಚ್ಚಿಸಿದರೆ ವ್ಹೀಲ್ ಸಿಲಿಂಡರಿನ ರಬ್ಬರ್ ಹರಿದು, ಲೈನರ್ ಪೂರ್ತಿ ಆಯಿಲಿನಲ್ಲಿ ನೆನೆದಿತ್ತು. ರಬ್ಬರ್ ಹರಿದ ದಿನವೇ ನೋಡಿದ್ದರೆ ಕೆಲವು ನೂರು ರೂಪಾಯಿಯ ಸಿಲಿಂಡರ್ ಮತ್ತು ಕೂಲಿ. ಈಗ ಎರಡೂ ಕಡೆಯ ಲೈನರ್ ಬದಲಿಸಬೇಕಾಯಿತು, ಏಕೆಂದರೆ ಒಂದೇ ಕಡೆ ಹೊಸದು ಹಾಕಿದರೆ ಬ್ರೇಕ್ ಒತ್ತಿದಾಗ ಗಾಡಿ ವಾಲುತ್ತದೆ. ದುಡ್ಡಿಗಿಂತ ದೊಡ್ಡ ಮಾತು ಬೇರೆಯೇ ಇದೆ. ಅವರು ಆ ಕಾರಿನಲ್ಲಿ ಮೊಮ್ಮಕ್ಕಳನ್ನು ಶಾಲೆಗೆ ಬಿಡುತ್ತಿದ್ದರು.

ಕಾರಿನ ಕೆಳಗೆ ತೊಟ್ಟಿಕ್ಕುವುದೆಲ್ಲ ಬ್ರೇಕ್ ಆಯಿಲ್ ಅಲ್ಲ ಎನ್ನುವುದೂ ಗೊತ್ತಿರಬೇಕು. ರಾತ್ರಿ ಒಂದು ಬಿಳಿ ರಟ್ಟು ಕೆಳಗೆ ಹಾಸಿ ಬೆಳಿಗ್ಗೆ ನೋಡಿ. ಎಸಿ ಹಾಕಿ ಬಂದ ಮೇಲೆ ಎಡಬದಿ ಮುಂದೆ ಬೀಳುವ ಶುದ್ಧ ನೀರಿಗೆ ಚಿಂತೆ ಬೇಡ. ಎಂಜಿನ್ ಆಯಿಲ್ ಕಂದು ಇಲ್ಲವೆ ಕಪ್ಪು. ಕೂಲೆಂಟ್ ಹಸಿರು, ಗುಲಾಬಿ ಅಥವಾ ಕಿತ್ತಳೆ, ಸಿಹಿ ವಾಸನೆ. ಬ್ರೇಕ್ ಆಯಿಲ್ ತೆಳು ಹಳದಿ, ಹಳತಾದರೆ ಕಂದು, ಮುಟ್ಟಿದರೆ ಜಾರುತ್ತದೆ. ಪೇಂಟ್ ಮೇಲೆ ಬಿದ್ದರೆ ಪೇಂಟ್ ಕೀಳುತ್ತದೆ, ಕೂಡಲೇ ನೀರು ಹಾಕಿ ತೊಳೆಯಬೇಕು. ಚಕ್ರದ ಹತ್ತಿರ ಇಂಥ ಕಲೆ ಕಂಡರೆ ಮಿಸ್ತ್ರಿಯನ್ನೇ ಮನೆಗೆ ಕರೆಯಿರಿ, ಕಾರನ್ನು ಅಲ್ಲಿಗೆ ಓಡಿಸಿಕೊಂಡು ಹೋಗಬೇಡಿ. ಬ್ರೇಕಿಗೆ ಎರಡು ಪ್ರತ್ಯೇಕ ದಾರಿ ಇರುವುದರಿಂದ ಒಂದು ಕೆಟ್ಟರೂ ಅರ್ಧ ಬ್ರೇಕ್ ಉಳಿಯುತ್ತದೆ, ನಿಜ. ಆದರೆ ಜಾತ್ರೆಯ ರಸ್ತೆಯಲ್ಲಿ ಚಕ್ಕಡಿ, ಟ್ರ್ಯಾಕ್ಟರ್, ಕೂಸು ಹೊತ್ತ ತಾಯಂದಿರ ನಡುವೆ ಅರ್ಧ ಬ್ರೇಕ್ ಯಾವುದಕ್ಕೂ ಸಾಲದು.

ಹೊರಗೆ ಒಂದು ಹನಿಯೂ ಕಾಣದೆ ಸೋರುವುದುಂಟು. ಮಾಸ್ಟರ್ ಸಿಲಿಂಡರಿನ ಹಿಂದಿನ ಸೀಲ್ ಹೋದರೆ ಆಯಿಲ್ ಬೂಸ್ಟರಿನೊಳಗೆ ಇಳಿಯುತ್ತದೆ. ಒಳಗಿನ ಸೀಲ್ ಹೋದರಂತೂ ಡಬ್ಬಿಯ ಮಟ್ಟವೇ ಇಳಿಯದು. ನಿಂತ ಕಾರಿನಲ್ಲಿ ಎಂಜಿನ್ ಬಂದ್ ಮಾಡಿ, ಪೆಡಲ್ ಗಟ್ಟಿಯಾಗುವ ತನಕ ನಾಲ್ಕೈದು ಸಲ ಒತ್ತಿ, ಆಮೇಲೆ ಒತ್ತಿ ಹಿಡಿದು ಕುಳಿತುಕೊಳ್ಳಿ. ಪೆಡಲ್ ಮೆಲ್ಲಗೆ ಇಳಿಯುತ್ತ ಹೋದರೆ ಎಲ್ಲೋ ಒತ್ತಡ ತಪ್ಪುತ್ತಿದೆ ಎಂದೇ ಅರ್ಥ. ಹಾಗೇ ಹಿಡಿದು ಎಂಜಿನ್ ಚಾಲೂ ಮಾಡಿದಾಗ ಒಂದಿಷ್ಟು ಇಳಿದು ನಿಂತರೆ ಬೂಸ್ಟರ್ ಸರಿ ಇದೆ.

ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ. ಹೊಸ ಡಾಟ್ 3 ದರ್ಜೆಯ ಆಯಿಲ್ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್ ತನಕ, ಡಾಟ್ 4 ಕನಿಷ್ಠ 230ರ ತನಕ ಕುದಿಯಬಾರದು. ಶೇ 3.7ರಷ್ಟು ನೀರು ಸೇರಿದಾಗ ಈ ಕನಿಷ್ಠ ಮಟ್ಟ 140 ಮತ್ತು 155ಕ್ಕೆ ಇಳಿಯುತ್ತದೆ. ನಮ್ಮ ಬಯಲು ಸೀಮೆಯಲ್ಲಿ ಇದು ಗೊತ್ತೇ ಆಗುವುದಿಲ್ಲ. ಧರ್ಮಸ್ಥಳಕ್ಕೆಂದು ಹೊರಟು ಚಾರ್ಮಾಡಿ ಇಳಿಯುವಾಗ ಆಯಿಲ್ ಕುದ್ದು ಗುಳ್ಳೆಯೆದ್ದರೆ ಪೆಡಲ್ ನೆಲ ಮುಟ್ಟುತ್ತದೆ. ಅದಕ್ಕೇ ಎರಡು ವರ್ಷಕ್ಕೊಮ್ಮೆ ಪೂರ್ತಿ ಬದಲಿಸಿ, ಲೈನಿನ ಗಾಳಿ ತೆಗೆಸಬೇಕು. ಸೀಲ್ ಒಡೆದ ಹಳೆ ಬಾಟಲಿ ಬೇಡ. ಡಬ್ಬಿಯ ಮುಚ್ಚಳದ ಮೇಲೆ ಬರೆದ ಡಾಟ್ ಬಿಟ್ಟು ಬೇರೇನೂ ಹಾಕಿಸಬೇಡಿ. ಯಾರಾದರೂ ತಪ್ಪಿ ಎಂಜಿನ್ ಆಯಿಲ್ ಸುರಿದರೆ ಒಳಗಿನ ರಬ್ಬರೆಲ್ಲ ಊದಿಕೊಂಡು ಮಾಸ್ಟರ್ ಸಿಲಿಂಡರಿನಿಂದ ನಾಲ್ಕೂ ಚಕ್ರದ ತನಕ ಬದಲಿಸುವ ಪಾಳಿ ಬರುತ್ತದೆ.

ವಿಮೆ ಇದೆಯಲ್ಲ ಎನ್ನುವವರಿಗೆ ಒಂದು ಮಾತು. ಸವೆತ, ಯಂತ್ರದ ಕೆಡುಕು ಸಾಮಾನ್ಯ ಕಾರು ಪಾಲಿಸಿಯಲ್ಲಿ ಸೇರಿಲ್ಲ. ಡಿಸ್ಕ್, ಪ್ಯಾಡ್, ಸಿಲಿಂಡರ್ ನಿಮ್ಮ ಜೇಬಿನದೇ. ವಾಹನವನ್ನು ಸುಸ್ಥಿತಿಯಲ್ಲಿಡಲು ಮಾಲೀಕ ತಕ್ಕ ಕ್ರಮ ಕೈಗೊಳ್ಳಬೇಕು ಎನ್ನುವ ಷರತ್ತೂ ಅದರಲ್ಲಿದೆ. ಸೋರುತ್ತದೆಂದು ಗೊತ್ತಿದ್ದೂ ಓಡಿಸಿ ಅಪಘಾತವಾದರೆ ಕ್ಲೇಮಿನ ಹೊತ್ತಿನಲ್ಲಿ ಆ ಷರತ್ತು ಎದುರಿಗೆ ಬಂದು ನಿಲ್ಲಬಹುದು.

ಬಿಲ್ ಇಲ್ಲದೆ ಬ್ರೇಕ್ ಕೆಲಸ ಮಾಡಿಸಬೇಡಿ. 2025ರ ಸೆಪ್ಟೆಂಬರ್ 22ರಿಂದ ಬಿಡಿಭಾಗಗಳ ಜಿಎಸ್‌ಟಿ ಶೇ 18. ಅದಕ್ಕೂ ಹಿಂದೆ ಅನೇಕ ಭಾಗಗಳಿಗೆ ಶೇ 28 ಇತ್ತು, ಹಳೆಯ ದರಪಟ್ಟಿ ತೋರಿಸಿದರೆ ಕೇಳಿ. ಬದಲಿಸಿದ ಹಳೆ ಭಾಗವನ್ನು ವಾಪಸ್ ಪಡೆಯಿರಿ. ಬದಲಿಸದೇ ಬದಲಿಸಿದ ಬಿಲ್ ಕೊಟ್ಟಿದ್ದರೆ 1915ಕ್ಕೆ ಕರೆ ಮಾಡಿ ದೂರು ಹೇಳಬಹುದು. ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗಲು ಎರಡು ವರ್ಷ ಅವಧಿಯಿದೆ. ನೀವು ತೆತ್ತ ಮೊತ್ತ 5 ಲಕ್ಷ ರೂಪಾಯಿ ಮೀರದಿದ್ದರೆ ಅರ್ಜಿಗೆ ಶುಲ್ಕವಿಲ್ಲ.

ಕಾಕಾರ ಕಾರಿನ ಆಯಿಲ್ ಡಬ್ಬಿಗೆ ಮಿಸ್ತ್ರಿ ಒಂದು ಬಿಳಿ ಟೇಪ್ ಅಂಟಿಸಿ, ಬದಲಿಸಿದ ತಿಂಗಳು ಮತ್ತು ವರ್ಷ ಬರೆದು, ಅಂದಿನ ಮಟ್ಟಕ್ಕೆ ಪೆನ್ನಿನಿಂದ ಗೆರೆ ಎಳೆದರು. ಗೆರೆಗಿಂತ ಬೆರಳಗಲ ಇಳಿದರೂ ಚಕ್ರ ಬಿಚ್ಚಿಸಬೇಕು ಎಂದು ತಾಕೀತು ಮಾಡಿದರು. ಡಿಕ್ಕಿಯ ಬಾಟಲಿಯನ್ನು ಕಾಕಾರಿಂದಲೇ ತೆಗೆಸಿ ಇಟ್ಟುಕೊಂಡರು.